ಕೈಗಡಿಯಾರಕ್ಕೆ ಕುರ್ಚಿ ಕಾಣುವುದಿಲ್ಲ

ಬದಿಯಡ್ಕವೋ ಕುಂಬಳೆಯೋ, ನಮ್ಮ ಕಾಸರಗೋಡಿನ ಯಾವುದಾದರೂ ಅಕ್ಷಯ ಕೇಂದ್ರಕ್ಕೆ, ಅಂದರೆ ಕೇರಳದಲ್ಲಿ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಕೇಂದ್ರಕ್ಕೆ, ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಹೋಗಿ ನೋಡಿ. ಆದಾಯ ಸರ್ಟಿಫಿಕೇಟಿಗೆ ಬಂದವರು, ರೇಷನ್ ಕಾರ್ಡಿಗೆ ಹೆಸರು ಸೇರಿಸಬೇಕಾದವರು, ಆಧಾರ್ ತಿದ್ದಿಸುವವರು, ಜಗಲಿಯವರೆಗೂ ಸಾಲು. ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತಾಕೆ ಮತ್ತೆ ಏಳುವುದು ಊಟಕ್ಕೆ. ಆಕೆಯ ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಅದು ಗಂಟೆಗೊಮ್ಮೆ ಮಣಿಕಟ್ಟು ನಡುಗಿಸಿ ‘ಏಳು’ ಎನ್ನುತ್ತದೆ. ಎದುರಿಗಿರುವ ಅಜ್ಜನ ಫೋನಿಗೆ ಆಗಷ್ಟೇ ಒಟಿಪಿ ಬಂದಿರುತ್ತದೆ, ಅದರ ಆಯುಸ್ಸೋ ಕೆಲವೇ ನಿಮಿಷ. ವಾಚಿನ ಮಾತನ್ನು ಬೆರಳಲ್ಲಿ ಸರಿಸಿ ಹಾಕದೆ ಆಕೆ ಇನ್ನೇನು ಮಾಡಬೇಕು?

ಹಾಗಂತ ವಾಚು ಹೇಳುವುದು ಸುಳ್ಳಲ್ಲ. ಕೂತಾಗ ತೊಡೆ, ಮೀನಖಂಡಗಳ ದೊಡ್ಡ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಸುಮ್ಮನಿರುವ ಸ್ನಾಯುವಿಗೆ ಆ ಗರಜಿಲ್ಲ. ಆಸ್ಟ್ರೇಲಿಯಾದಲ್ಲಿ ತೂಕ ಹೆಚ್ಚಿದ್ದ 19 ಮಂದಿಯನ್ನು ಸಕ್ಕರೆಯ ಪಾನೀಯ ಕುಡಿಸಿ ಕೂರಿಸಿದರು, ಇನ್ನೊಂದು ದಿನ 20 ನಿಮಿಷಕ್ಕೊಮ್ಮೆ ಎಬ್ಬಿಸಿ 2 ನಿಮಿಷ ನಿಧಾನವಾಗಿ ನಡೆಸಿದರು. ನಡೆಸಿದ ದಿನ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. 2012ರಲ್ಲಿ ಪ್ರಕಟವಾದ ಈ ಪ್ರಯೋಗ ಸಣ್ಣದು, ನಿಜ. ಆದರೆ ಬೆವರು ಬರದ ನಡಿಗೆಯೂ ಲೆಕ್ಕಕ್ಕಿದೆ ಎಂದು ಅದು ತೋರಿಸಿತು.

ವಿಷಯ ಇನ್ನೂ ಹಳೆಯದು. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಲೆಕ್ಕ ಹಾಕಿದರು. ಇಡೀ ದಿನ ಕೂತ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಕಾಸರಗೋಡು–ಮಂಗಳೂರು ಬಸ್ಸಿನ ನೂಕುನುಗ್ಗಲಲ್ಲಿ ಹಿಂದೆ ಮುಂದೆ ಓಡಾಡುವ ಕಂಡಕ್ಟರನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಬಸ್ ಸಂಸ್ಥೆ ಕೊಟ್ಟ ಸಮವಸ್ತ್ರದ ಅಳತೆ ತೆಗೆಸಿ ನೋಡಿದಾಗ ಡ್ರೈವರುಗಳ ಸೊಂಟ ಮೊದಲೇ ದಪ್ಪ ಎಂದು ಗೊತ್ತಾಯಿತು! ಅಂದರೆ ತಪ್ಪೆಲ್ಲ ಸೀಟಿನದ್ದೇ ಎನ್ನುವಂತಿಲ್ಲ. ತನ್ನ ಲೆಕ್ಕವನ್ನೇ ಹೀಗೆ ಕೆದಕಿ ನೋಡುವವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ವಾಚಿನ ಒಳಗೆ ಇಣುಕೋಣ. ಅದರಲ್ಲಿರುವ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಅಲುಗಾಟವನ್ನೂ ಭೂಮಿಯ ಸೆಳೆತದ ದಿಕ್ಕನ್ನೂ ಮೂರು ದಿಕ್ಕುಗಳಲ್ಲಿ ಅಳೆಯುತ್ತದೆ. ಅದಕ್ಕೆ ತಿಳಿಯುವುದು ಕೈಯ ಸಂಗತಿ, ಕುರ್ಚಿಯದ್ದಲ್ಲ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಅಕ್ಕಂದಿರಿಗೆ ಒಂದು ವಾಚು ಕಟ್ಟಿ ನೋಡಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಕೈಗೆ ಬಿಡುವೇ ಇಲ್ಲ. ಕೂತಲ್ಲೇ ಕೂತವರ ಖಾತೆಗೆ ಒಂದಿಷ್ಟು ಹೆಜ್ಜೆಗಳು ಸೇರಿಬಿಡಬಹುದು. ಅದೇ, ನಿಂತು ಟೈಪ್ ಮಾಡುವವರು ಅದರ ಪಾಲಿಗೆ ಕೂತವರು. ಸಂಶೋಧಕರು ಇದಕ್ಕೇ ಸಂವೇದಕವನ್ನು ತೊಡೆಗೆ ಅಂಟಿಸುವುದು. ಕೂತಾಗ ತೊಡೆ ಅಡ್ಡ, ನಿಂತಾಗ ನೆಟ್ಟಗೆ, ಅಲ್ಲಿ ಗೊಂದಲವಿಲ್ಲ.

ಹಾಗಾದರೆ ನಿಂತೇ ಕೆಲಸ ಮಾಡಿದರಾಯಿತಲ್ಲ? ಕೂತದ್ದಕ್ಕಿಂತ ನಿಂತರೆ ಗಂಟೆಗೆ ಹೆಚ್ಚು ಖರ್ಚಾಗುವುದು ಒಂಬತ್ತು ಕ್ಯಾಲರಿಯ ಆಸುಪಾಸು, ಅಷ್ಟೇ. ನಿಂತು ನಿಂತು ಕಾಲು ಬಾತು, ರಕ್ತನಾಳ ಉಬ್ಬಿದ ಜವಳಿ ಅಂಗಡಿಯ ಹೆಂಗಸರು ಇದೇ ಕೇರಳದಲ್ಲಿ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಸರಕಾರ ಕಾನೂನು ತಿದ್ದಿ ಅವರಿಗೆ ಆಸನ ಕೊಡಬೇಕೆಂದಿತು. ದೇಹಕ್ಕೆ ಬೇಕಿರುವುದು ಭಂಗಿಯ ಬದಲಾವಣೆ, ನಡುನಡುವೆ ನಾಲ್ಕು ಹೆಜ್ಜೆ.

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ 756 ನೌಕರರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಬಂತು. ತರಬೇತಿ, ನೆನಪೋಲೆ, ಗುಂಪಿನ ಪ್ರೋತ್ಸಾಹ ಇಷ್ಟೇ ಕೊಟ್ಟಲ್ಲಿ, ಏನನ್ನೂ ಕೊಡದವರಿಗೆ ಹೋಲಿಸಿದರೆ, ವರ್ಷದ ಕೊನೆಗೆ ಕೂರುವ ಹೊತ್ತು ದಿನಕ್ಕೆ 22 ನಿಮಿಷ ತಗ್ಗಿತ್ತು. ಜೊತೆಗೆ ಎತ್ತರ ಬದಲಿಸಬಹುದಾದ ಮೇಜನ್ನೂ ಕೊಟ್ಟಲ್ಲಿ 64 ನಿಮಿಷ. ಬುದ್ಧಿಮಾತಿಗಿಂತ ಮೇಜಿನ ಮಾತು ಹೆಚ್ಚು ನಡೆಯಿತು.

ಅಂಥ ಮೇಜು ನಮ್ಮ ಅಕ್ಷಯ ಕೇಂದ್ರಕ್ಕೋ ಊರಿನ ಸಹಕಾರಿ ಬ್ಯಾಂಕಿಗೋ ಬರುವುದು ಯಾವಾಗಲೋ. ಆದರೆ ಸಾಫ್ಟ್‌ವೇರ್ ಬರೆಯುವವರು ಒಂದು ಕೆಲಸ ಮಾಡಬಹುದು. ಗಡಿಯಾರ ನೋಡಿ ಎಚ್ಚರಿಸುವ ಬದಲು ಒಂದು ಅರ್ಜಿ ಮುಗಿದು ಇನ್ನೊಂದು ತೆರೆಯುವ ನಡುವೆ ಎಚ್ಚರಿಸಲಿ. ಸರ್ವರ್ ಸಿಕ್ಕಿಹಾಕಿಕೊಂಡು ಪರದೆಯ ಮೇಲೆ ಚಕ್ರ ತಿರುಗುತ್ತದಲ್ಲ, ಅದಕ್ಕಿಂತ ಒಳ್ಳೆಯ ಬಿಡುವು ಯಾವುದಿದೆ? ಅದಕ್ಕೂ ಮೊದಲು ಪ್ರಿಂಟರನ್ನು ಮೊಣಕೈ ಹತ್ತಿರದಿಂದ ತೆಗೆದು ಆಚೆ ಗೋಡೆಯ ಬದಿಗಿಡಬಹುದು. ವೈಫೈ ಪ್ರಿಂಟರಿಗೆ ತಂತಿಯ ಹಂಗಿಲ್ಲ. ಅರ್ಜಿಗೊಮ್ಮೆ ಎದ್ದು ಹೋಗಬೇಕಾಗುತ್ತದೆ. ಸಾಲಿನಲ್ಲಿ ನಿಂತವರೂ ಗೊಣಗುವುದಿಲ್ಲ, ಯಾಕೆಂದರೆ ಆಕೆ ಎದ್ದದ್ದು ಅವರ ಕಾಗದ ತರುವುದಕ್ಕೇ.