ಇನ್ನೂ ಸಿಹಿ ಇದೆ ಅಂತ ಸೋಡಾ ಬಾಟಲಿಯನ್ನು ಹೊರಗಿಡಬೇಡಿ

ಶುಂಠಿ ಸೋಡಾ, ನನ್ನಾರಿ ಸೋಡಾ ಮನೆಯಲ್ಲೇ ಹುದುಗಿಸುವುದನ್ನು ಕಲಿಸುವುದು ನನ್ನ ಕೆಲಸ. ಬೇಸಿಗೆ ಶುರುವಾಯಿತೆಂದರೆ ಕಲಿತು ಹೋದವರಿಂದ ಒಂದೇ ಥರದ ಫೋನ್ ಬರುತ್ತದೆ. "ಮೇಡಂ, ಎರಡು ದಿನ ಆಯ್ತು. ರುಚಿ ನೋಡಿದೆ, ಇನ್ನೂ ಸಿಹಿನೇ ಇದೆ. ಇನ್ನೆರಡು ದಿನ ಹೊರಗೇ ಇರ್ಲಾ?"

ಬೇಡ. ಈಗಲೇ ಫ್ರಿಜ್‌ನಲ್ಲಿಡಿ. ಹೆಪ್ಪು ಮಾಡುವುದು, ಕಷಾಯ ಪೂರ್ತಿ ಆರಿದ ಮೇಲೆ ಹೆಪ್ಪು ಬೆರೆಸುವುದು ಎಲ್ಲ ನಿಮಗೆ ಗೊತ್ತು. ಈ ಸಿಹಿಯ ವಿಷಯ ಮಾತ್ರ ಎಷ್ಟು ಹೇಳಿದರೂ ಮನಸ್ಸಿಗೆ ಇಳಿಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಲೀಟರ್ ಸೋಡಾಕ್ಕೆ 100 ಗ್ರಾಂ ಸಕ್ಕರೆ ಹಾಕಿದ್ದೀರಿ ಅಂದುಕೊಳ್ಳಿ. ಹೆಪ್ಪಿನಲ್ಲಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಒಂದು ಗ್ರಾಂ ಸಕ್ಕರೆ ತಿಂದರೆ ಸುಮಾರು ಅರ್ಧ ಗ್ರಾಂ ಗ್ಯಾಸ್ ಬರುತ್ತದೆ, ಉಳಿದರ್ಧ ಹೆಚ್ಚುಕಡಿಮೆ ಆಲ್ಕೋಹಾಲ್ ಆಗುತ್ತದೆ. ಅಂಗಡಿಯ ಕೂಲ್‌ಡ್ರಿಂಕ್ಸ್‌ನಷ್ಟು ಚುರುಗುಟ್ಟಬೇಕಾದರೆ ಲೀಟರಿಗೆ 15 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಸಾಕು. ಇನ್ನು 85 ಗ್ರಾಂ ಹಾಗೇ ಇರುತ್ತದೆ. 100 ಗ್ರಾಂ ಸಿಹಿಗೂ 85 ಗ್ರಾಂ ಸಿಹಿಗೂ ನಾಲಿಗೆಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ ಹೇಳಿ? ಸೋಡಾ ತಯಾರಾದಾಗಲೂ ಸಿಹಿಯಾಗಿಯೇ ಇರುತ್ತದೆ. ಸಿಹಿ ಹೋಗಲಿ ಅಂತ ಕಾದರೆ, ಬಾಟಲಿ ತಡೆಯಬೇಕಾದ ಗ್ಯಾಸಿನ ಆರೇಳು ಪಟ್ಟು ಗ್ಯಾಸ್ ಒಳಗೆ ಸೇರುತ್ತಾ ಹೋಗುತ್ತದೆ. 100 ಗ್ರಾಮನ್ನೂ ಯೀಸ್ಟ್ ತಿಂದುಬಿಟ್ಟರೆ ಹುಟ್ಟುವ ಗ್ಯಾಸ್ 25 ಲೀಟರಿಗೂ ಜಾಸ್ತಿ. ಅದನ್ನು ಒಂದು ಲೀಟರಿನ ಗಾಜಿನ ಬಾಟಲಿಯಲ್ಲಿ ತುಂಬಿಡಲು ಆಗುತ್ತದಾ? ಅಷ್ಟಾಗುವ ಎಷ್ಟೋ ಮೊದಲೇ ಅದು ಸಿಡಿಯುತ್ತದೆ. ಗಾಜಿನ ಚೂರು ಅಡುಗೆಮನೆ ತುಂಬಾ ಹಾರುತ್ತದೆ.

"ಗೋಲಿ ಸೋಡಾನೂ ಗಾಜಿನ ಬಾಟಲಿಲೇ ಬರುತ್ತಲ್ವಾ?" ಅಂತ ಕೇಳುತ್ತಾರೆ. ಆ ಬಾಟಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಷ್ಟು ಭಾರ, ಎಷ್ಟು ದಪ್ಪ ಗಾಜು! 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅದನ್ನು ಗ್ಯಾಸ್ ತಡೆಯಲೆಂದೇ ರೂಪಿಸಿದ್ದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಅದಕ್ಕೆ ಗ್ಯಾಸನ್ನು ಮಷಿನ್‌ನಿಂದ ತುಂಬುತ್ತಾರೆ. ತುಂಬಿದ ಮೇಲೆ ಅದು ಬೆಳೆಯುವುದಿಲ್ಲ. ನಿಮ್ಮ ಬಾಟಲಿಯಲ್ಲಿ ಯೀಸ್ಟ್ ಜೀವಂತ ಇದೆ, ಊಟವೂ ಅದರ ಮುಂದೆಯೇ ಇದೆ.

ಹಾಗಾದರೆ ತಯಾರಾಗಿದ್ದು ಗೊತ್ತಾಗುವುದು ಹೇಗೆ? ಕೂಲ್‌ಡ್ರಿಂಕ್ಸ್‌ನ ಖಾಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದಲ್ಲಿ ಐದು ಉಬ್ಬು ಕಾಲುಗಳಿರುತ್ತವಲ್ಲ, ಅದು. ನೀರಿನ ತೆಳು ಬಾಟಲಿ ಬೇಡ. ಎರಡು ಬೆರಳು ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ. ಆಗ ಅದುಮಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಬೆಳಿಗ್ಗೆ, ಸಂಜೆ ಅದುಮಿ ನೋಡುತ್ತಿರಿ. ಹೆಬ್ಬೆರಳು ಒಂಚೂರೂ ಒಳಗೆ ಹೋಗದಷ್ಟು ಗಟ್ಟಿಯಾದರೆ ಮುಗಿಯಿತು, ಫ್ರಿಜ್‌ಗೆ. ಗಾಜಿನಲ್ಲೇ ಕುಡಿಯುವ ಆಸೆಯಿದ್ದರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ.

ದಿನ ಎಣಿಸಬೇಡಿ. ಚಳಿ ದೇಶದವರ ಪಾಕವಿಧಾನದಲ್ಲಿ ನಾಲ್ಕೈದು ದಿನ ಅಂತಿರುತ್ತದೆ. ಏಪ್ರಿಲ್‌ನ ರಾಯಚೂರಲ್ಲಿ ಒಂದೇ ದಿನಕ್ಕೆ ಬಾಟಲಿ ಕಲ್ಲಾಗಬಹುದು. ಶಿವಮೊಗ್ಗ ಕಡೆಯ ನಿವೃತ್ತ ಟೀಚರ್ ಒಬ್ಬರು ಕಲಿಯಲು ಬಂದಿದ್ದರು. ನಾನು ಹೇಳಿ ಮುಗಿಸುವ ಮೊದಲೇ, "ಇಡ್ಲಿ ಹಿಟ್ಟು ಗಡಿಯಾರ ನೋಡಿ ಉಬ್ಬಲ್ಲ, ಸೆಖೆ ನೋಡಿ ಉಬ್ಬುತ್ತೆ, ಇದೂ ಅಷ್ಟೇ ತಾನೇ?" ಅಂದರು. ಆಮೇಲೆ ತಮ್ಮ ಚೀಲದಿಂದ ಸೊಗದೆ ಬೇರಿನ (ಅದೇ ನನ್ನಾರಿ) ಕಟ್ಟು ತೆಗೆದು, ಗ್ರಂಥಿಗೆ ಅಂಗಡಿಯವರ ಬೇರು ಯಾಕೆ ಇಷ್ಟು ದಪ್ಪ ಅಂತ ನನ್ನನ್ನೇ ಕೇಳಿದರು. ಅವರು ತಂದಿದ್ದು ಸಣ್ಣ ಬೇರು. ಜಜ್ಜಿ ಒಳಗಿನ ಬಿಳಿ ಕಡ್ಡಿ ಎಳೆದು ಬಿಸಾಡಿದರು. ಪರಿಮಳವೆಲ್ಲ ತೊಗಟೆಯಲ್ಲೇ ಇರುವುದು. ಅಂಥವರು ಬಂದ ದಿನ ಕಲಿಸುವುದೇ ಒಂದು ಖುಷಿ.

ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡುತ್ತೇವೆ ಅನ್ನುವವರಿಗೂ ಒಂದು ಮಾತು. ಆ ಹೊತ್ತಿನ ಗ್ಯಾಸ್ ಹೋಗುತ್ತದೆ, ಸಕ್ಕರೆ ಹೋಗುವುದಿಲ್ಲ. ಮತ್ತೆ ಮುಚ್ಚಿದರೆ ಮತ್ತೆ ಶುರು.

ಅದೇ 85 ಗ್ರಾಂ ಲೆಕ್ಕ ಶುಗರ್ ಇರುವವರಿಗೂ ಅನ್ವಯಿಸುತ್ತದೆ. "ಸಕ್ಕರೆಯೆಲ್ಲ ಹುದುಗಿ ಹೋಗಿರುತ್ತೆ, ಅಪ್ಪನಿಗೆ ಕೊಡಬಹುದು" ಅಂದುಕೊಳ್ಳಬೇಡಿ, ಅವರ ಡಾಕ್ಟರನ್ನು ಕೇಳಿ. ಬೇಗ ಫ್ರಿಜ್‌ಗೆ ಹೋದ ಸೋಡಾದಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸು. ಹೊರಗೆ ಬಿಟ್ಟಷ್ಟೂ ಏರುತ್ತದೆ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ಕುಡಿತ ಬಿಟ್ಟವರಿಗೆ ನಾನಂತೂ ಕೊಡುವುದಿಲ್ಲ.

ಫ್ರಿಜ್ ಕೂಡ ಹುದುಗನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ಒಂದು ವಾರದೊಳಗೆ ಕುಡಿದು ಮುಗಿಸಿ. ಊರಿಗೆ ಹೊರಟಾಗ ಫ್ರಿಜ್ ಆಫ್ ಮಾಡುವ ಅಭ್ಯಾಸವಿದ್ದರೆ, ಮೊದಲು ಬಾಟಲಿಗಳನ್ನು ಖಾಲಿ ಮಾಡಿ.