ಹೊಗೆಯ ಲೆಕ್ಕ: ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು?

ಒಂದು ಕಾರ್ಖಾನೆಯವರು ತಮ್ಮ ಹೊಗೆಯ ಧೂಳಿನಲ್ಲಿ ನೂರಕ್ಕೆ 99 ಪಾಲು ಹಿಡಿಯುತ್ತೇವೆ ಅಂತಾರೆ. ಇನ್ನೊಂದು ಕಾರ್ಖಾನೆಯವರು 99.9 ಅಂತಾರೆ. ಎರಡಕ್ಕೂ ಅಂಥಾ ವ್ಯತ್ಯಾಸ ಏನಿಲ್ಲ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಬೂದಿ ಜಾಸ್ತಿ ಇರುವ ಕಲ್ಲಿದ್ದಲು ಸುಡುವ ದೊಡ್ಡ ವಿದ್ಯುತ್ ಸ್ಥಾವರವೊಂದರಲ್ಲಿ ಗಂಟೆಗೆ 80 ಟನ್ ಬೂದಿ ಹೊಗೆಯ ಜೊತೆ ಹಾರಿ ಬರುತ್ತದೆ ಎಂದುಕೊಳ್ಳಿ. ನೂರಕ್ಕೆ 99 ಹಿಡಿದರೆ ಗಂಟೆಗೆ 800 ಕಿಲೊ ಹೊರಗೆ ಹೋಗುತ್ತದೆ. 99.9 ಹಿಡಿದರೆ 80 ಕಿಲೊ. ಹತ್ತು ಪಟ್ಟು ವ್ಯತ್ಯಾಸ! ಎಷ್ಟು ಹಿಡಿದಿರಿ ಅಂತ ಕೇಳಿದರೆ ಇದು ಕಾಣುವುದೇ ಇಲ್ಲ. ಎಷ್ಟು ಬಿಟ್ಟಿರಿ ಅಂತ ಕೇಳಬೇಕು. ಬಿಟ್ಟದ್ದು ಎಂಥದ್ದು ಅಂತಲೂ ಕೇಳಬೇಕು, ಏಕೆಂದರೆ ಧೂಳಿನ ಕಣಗಳೆಲ್ಲ ಒಂದೇ ಥರ ಇರುವುದಿಲ್ಲ.

ಕಣದ ಅಳತೆಗೆ ಮೈಕ್ರಾನ್ ಬಳಸುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಪಿಎಂ 10, ಪಿಎಂ 2.5 ಅಂತ ಸುದ್ದಿಯಲ್ಲಿ ಕೇಳುತ್ತೀರಲ್ಲ, ಆ ಸಂಖ್ಯೆಗಳು ಇದೇ ಮೈಕ್ರಾನ್ ಲೆಕ್ಕ. ನೀರಿನಷ್ಟೇ ಸಾಂದ್ರತೆಯ 10 ಮೈಕ್ರಾನ್ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಕೆಳಗಿಳಿಯುತ್ತದೆ. 3 ಮೀಟರ್ ಎತ್ತರದ ಕೋಣೆಯ ಸೂರಿನಿಂದ ನೆಲ ಮುಟ್ಟಲು ಕಾಲು ಗಂಟೆ ಚಿಲ್ಲರೆ ಸಾಕು. 1 ಮೈಕ್ರಾನ್ ಕಣಕ್ಕೆ ಅದೇ ದಾರಿಗೆ ಹೆಚ್ಚುಕಡಿಮೆ ಒಂದು ದಿನ ಬೇಕು. 0.1 ಮೈಕ್ರಾನಿನದ್ದು ಬೀಳುತ್ತದೆ ಅಂತ ಕಾಯುವುದೇ ದಂಡ. ಹೀಗೆ ತೇಲುತ್ತಾ ಉಳಿಯುವ ಸಣ್ಣ ಕಣಗಳೇ ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಹೋಗುವುದು. ದೊಡ್ಡವು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ.

ಇನ್ನು ತೂಕ. ಒಂದೇ ವಸ್ತುವಿನ 10 ಮೈಕ್ರಾನಿನ ಒಂದು ಕಣದ ತೂಕ 1 ಮೈಕ್ರಾನಿನ ಸಾವಿರ ಕಣಗಳಿಗೆ ಸಮ. ಅಂದರೆ ದೊಡ್ಡ ಕಣಗಳನ್ನಷ್ಟೇ ಹಿಡಿದು, ಸಣ್ಣವನ್ನೆಲ್ಲ ಬಿಟ್ಟರೂ ತೂಕದ ಲೆಕ್ಕದಲ್ಲಿ ಭಾರೀ ಅಂಕ ಬರುತ್ತದೆ.

ಧೂಳು ಹಿಡಿಯುವ ಯಂತ್ರಗಳಲ್ಲಿ ತುಂಬಾ ಸರಳವಾದದ್ದು ಸೈಕ್ಲೋನ್. ಮೇಲೆ ಸಿಲಿಂಡರ್, ಕೆಳಗೆ ಆಲಿಕೆ, ಅಷ್ಟೇ. ಹೊಗೆಯನ್ನು ಮೇಲ್ಭಾಗದಲ್ಲಿ ಪಕ್ಕದಿಂದ ನುಗ್ಗಿಸಿದರೆ ಅದು ಒಳಗೆ ಸುಳಿಯಾಗಿ ಸುತ್ತುತ್ತದೆ. ಬಸ್ಸು ಜೋರಾಗಿ ತಿರುಗಿದಾಗ ನಿಂತವರು ಹೊರಬದಿಗೆ ವಾಲುವಂತೆ, ಭಾರದ ಕಣಗಳು ಗೋಡೆಗೆ ಬಡಿದು ಕೆಳಗೆ ಜಾರುತ್ತವೆ. ಗಾಳಿ ಮಾತ್ರ ನಡುವಿನ ಕೊಳವೆಯಿಂದ ಮೇಲೆ ಹೋಗುತ್ತದೆ. ತಿರುಗುವ ಭಾಗ ಇಲ್ಲ, ಕೆಡುವಂಥದ್ದೂ ಹೆಚ್ಚೇನಿಲ್ಲ. ಮರ ಕೊಯ್ಯುವಲ್ಲಿ, ಹಿಟ್ಟಿನ ಗಿರಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಇಂದಿಗೂ ಇದೆ. ಆದರೆ ಕಣ 5 ಮೈಕ್ರಾನಿಗಿಂತ ಸಣ್ಣದಾದಂತೆ ಇದರ ಹಿಡಿತ ಸಡಿಲವಾಗುತ್ತದೆ. ಹಗುರ ಕಣಗಳು ಗಾಳಿ ತಿರುಗಿದ ಕಡೆ ತಾವೂ ತಿರುಗಿ ಪಾರಾಗುತ್ತವೆ. ಅದಕ್ಕೇ ಇದನ್ನು ಮೊದಲ ಹಂತಕ್ಕೆ ಮಾತ್ರ ಬಳಸುವುದು ವಾಡಿಕೆ.

ಸಣ್ಣ ಕಣಕ್ಕೆ ತೂಕದ ಆಟ ನಡೆಯುವುದಿಲ್ಲ ಅಂದಮೇಲೆ ಬೇರೆ ಬಲ ಬೇಕು. ಅದು ವಿದ್ಯುತ್ತು. ಬ್ರಿಟನ್ನಿನ ಭೌತವಿಜ್ಞಾನಿ ಆಲಿವರ್ ಲಾಜ್ 1880ರ ದಶಕದಲ್ಲೇ ಹೊಗೆಗೆ ವಿದ್ಯುತ್ ಹಾಯಿಸಿದರೆ ಅದು ತಿಳಿಯಾಗುವುದನ್ನು ತೋರಿಸಿದ್ದರು. 1885ರಲ್ಲಿ ವೇಲ್ಸಿನ ಬ್ಯಾಗಿಲ್ಟ್ ಎಂಬಲ್ಲಿನ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಅದನ್ನು ಜೋಡಿಸಿದರು. ಫಲ ಸಿಗಲಿಲ್ಲ. ಕೈಯಲ್ಲಿದ್ದದ್ದು ಗಾಜಿನ ತಟ್ಟೆ ತಿರುಗಿಸಿ ವಿದ್ಯುತ್ ಹುಟ್ಟಿಸುವ ಯಂತ್ರ. ಪ್ರಯೋಗಾಲಯದಲ್ಲಿ ನಡೆದದ್ದು ಕಾರ್ಖಾನೆಯ ಹೊಗೆಗೆ ಸಾಲಲಿಲ್ಲ. ಸಾಲದ್ದಕ್ಕೆ ಸೀಸದ ಧೂಳು ವಿದ್ಯುತ್ತಿನಿಂದ ಹಿಡಿಯಲು ಬಹಳ ಕಷ್ಟದ ಜಾತಿಯದು.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ರಸಾಯನವಿಜ್ಞಾನಿ ಫ್ರೆಡರಿಕ್ ಕಾಟ್ರೆಲ್, 1906ರ ಹೊತ್ತಿಗೆ. ಅವರಿಗೆ ಹಿಡಿಯಬೇಕಿದ್ದದ್ದು ಸಲ್ಫ್ಯೂರಿಕ್ ಆಮ್ಲದ ಮಂಜು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಬಂದಿತ್ತು, ಹೆಚ್ಚು ವೋಲ್ಟಿನ ಎಸಿಯನ್ನು ಡಿಸಿ ಮಾಡುವ ದಾರಿಯನ್ನೂ ಅವರು ಕಂಡುಕೊಂಡರು. ಆದರೂ ಲೋಹದ ತುದಿಯಿಂದ ಹೊಗೆಗೆ ವಿದ್ಯುತ್ತು ಸಮನಾಗಿ ಹರಿಯುತ್ತಿರಲಿಲ್ಲ. ಕತ್ತಲಲ್ಲಿ ಕೆಲಸ ಮಾಡುತ್ತಿದ್ದಾಗ, ಹತ್ತಿನೂಲು ಸುತ್ತಿದ ತಂತಿಯ ಮೈಮೇಲೆ ನೇರಳೆ ಬಣ್ಣದ ಸಣ್ಣ ಹೊಳಪು ಕಂಡಿತು. ನೂಲಿನ ಒಂದೊಂದು ಎಳೆಯ ತುದಿಯಿಂದಲೂ ವಿದ್ಯುತ್ತು ಸೋರುತ್ತಿತ್ತು! ಬೇರೆಯವರಾಗಿದ್ದರೆ ತಂತಿ ಹಾಳಾಗಿದೆ ಅಂತ ಬಿಸಾಡುತ್ತಿದ್ದರು. ಕಾಟ್ರೆಲ್ ಆ ಸೋರಿಕೆಯನ್ನೇ ಉಪಕರಣ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಬಂತು. ಪೇಟೆಂಟಿನ ಹಣವನ್ನು ತಮ್ಮ ಜೇಬಿಗೆ ಹಾಕಿಕೊಳ್ಳದೆ 1912ರಲ್ಲಿ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿ, ಬೇರೆ ವಿಜ್ಞಾನಿಗಳ ಸಂಶೋಧನೆಗೆ ಕೊಡುವ ಏರ್ಪಾಡು ಮಾಡಿದರು. ಹೊಗೆಯಿಂದ ಇಂಥ ಒಳ್ಳೆಯ ಸಂಪಾದನೆ ಇನ್ಯಾರೂ ಮಾಡಿರಲಾರರು.

ಇವತ್ತು ಇದನ್ನು ಇಎಸ್‌ಪಿ, ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ ಅಂತಾರೆ. ದೊಡ್ಡ ಇಎಸ್‌ಪಿಯ ಒಳಗೆ ಹಲವು ಮೀಟರ್ ಎತ್ತರದ ಉಕ್ಕಿನ ತಗಡುಗಳು ಸಾಲುಸಾಲಾಗಿ ನಿಂತಿರುತ್ತವೆ. ಎರಡು ಸಾಲಿನ ನಡುವೆ ಒಂದಡಿ ಆಸುಪಾಸಿನ ಓಣಿ. ಓಣಿಯ ನಡುವೆ ತಂತಿಗಳು ಇಳಿಬಿದ್ದಿರುತ್ತವೆ. ತಂತಿಗೆ ಹತ್ತಾರು ಸಾವಿರ ವೋಲ್ಟಿನ ಋಣ ವಿದ್ಯುತ್ ಕೊಡುತ್ತಾರೆ. ತಂತಿಯ ಸುತ್ತಲಿನ ಗಾಳಿ ಒಡೆದು ಎಲೆಕ್ಟ್ರಾನುಗಳು ಹೊರಡುತ್ತವೆ, ಅನಿಲದ ಅಣುಗಳಿಗೆ ಅಂಟುತ್ತವೆ, ಆ ಅಣುಗಳು ಧೂಳಿಗೆ ಅಂಟುತ್ತವೆ. ಋಣ ಹೊತ್ತ ಧೂಳು ತಗಡಿನ ಕಡೆಗೆ ಸರಿಯುತ್ತದೆ. ಹೊಗೆ ಓಣಿಯಲ್ಲಿ ಸೆಕೆಂಡಿಗೆ ಒಂದೆರಡು ಮೀಟರಿನಂತೆ ನಿಧಾನವಾಗಿ ಸಾಗುವುದರಿಂದ ಅದಕ್ಕೆ ಸಮಯವೂ ಸಿಗುತ್ತದೆ. ಆಗಾಗ ಸುತ್ತಿಗೆಗಳು ತಗಡನ್ನು ಬಡಿಯುತ್ತವೆ. ಅಂಟಿದ ಬೂದಿ ಹಾಳೆಹಾಳೆಯಾಗಿ ಕೆಳಗಿನ ಹಾಪರಿಗೆ, ಅಂದರೆ ಬೂದಿ ತುಂಬಿಕೊಳ್ಳುವ ತೊಟ್ಟಿಗೆ ಬೀಳುತ್ತದೆ. ಈ ಬಡಿತದಲ್ಲೂ ಒಂದು ಹದವಿದೆ. ಪದೇ ಪದೇ ಬಡಿದರೆ ಬೂದಿ ತೆಳುವಾಗಿರುವಾಗಲೇ ಪುಡಿಯಾಗಿ ಮತ್ತೆ ಹೊಗೆಗೆ ಸೇರುತ್ತದೆ. ಅಪರೂಪಕ್ಕೆ ಬಡಿದರೆ ಪದರ ದಪ್ಪವಾಗಿ ವಿದ್ಯುತ್ತನ್ನೇ ತಡೆಯುತ್ತದೆ.

ತಡೆಯುವ ವಿಷಯದಲ್ಲಿ ಒಂದು ತಮಾಷೆ ಇದೆ. ಗಂಧಕ ಕಡಿಮೆ ಇರುವ ಕಲ್ಲಿದ್ದಲು ಗಾಳಿಗೆ ಒಳ್ಳೆಯದು ಅಂತ ತಂದು ಸುಟ್ಟರೆ, ಇಎಸ್‌ಪಿ ಕೈಕೊಡುತ್ತದೆ. ಗಂಧಕ ಸುಟ್ಟಾಗ ಹುಟ್ಟುವ ಸ್ವಲ್ಪ ಸಲ್ಫರ್ ಟ್ರಯಾಕ್ಸೈಡ್ ಬೂದಿಯ ಮೈಗೆ ಹತ್ತಿ ಅದರಲ್ಲಿ ವಿದ್ಯುತ್ತು ಹರಿಯುವಂತೆ ಮಾಡುತ್ತಿತ್ತು. ಅದು ಇಲ್ಲದಿದ್ದರೆ ತಗಡಿನ ಮೇಲಿನ ಬೂದಿಯಿಂದ ವಿದ್ಯುತ್ತು ಇಳಿದುಹೋಗುವುದಿಲ್ಲ. ಒತ್ತಡ ಏರಿ ಏರಿ ಬೂದಿಯ ಪದರದೊಳಗೇ ಕಿಡಿ ಹುಟ್ಟಿ, ಉಲ್ಟಾ ವಿದ್ಯುತ್ತಿನ ಕಣಗಳು ಓಣಿಗೆ ನುಗ್ಗುತ್ತವೆ. ಹಿಡಿತ ಕುಸಿಯುತ್ತದೆ. ಪರಿಹಾರ? ಹೊಗೆಗೆ ಬೇಕಂತಲೇ ಸ್ವಲ್ಪ ಸಲ್ಫರ್ ಟ್ರಯಾಕ್ಸೈಡ್ ಬೆರೆಸುವುದು. ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಪಾಲು ಇದ್ದರೆ ಸಾಕಾಗುತ್ತದೆ. ಸುಮ್ನೆ ಕೇಳಿದರೆ ನಂಬಲಿಕ್ಕಾಗದ ಮಾತು, ಆದರೆ ನಿಜವಾಗಿ ಮಾಡುತ್ತಾರೆ.

ಇಎಸ್‌ಪಿಯ ಅಳತೆಗೆ ಒಂದು ಸೂತ್ರವಿದೆ. 1922ರಲ್ಲಿ ವಾಲ್ಟರ್ ಡಾಯ್ಚ್ ಕೊಟ್ಟದ್ದು. ಅದರ ತಿರುಳು ಇಷ್ಟು: ಇಂತಿಷ್ಟು ತಗಡಿನಿಂದ ನೂರರಲ್ಲಿ 90 ಪಾಲು ಹಿಡಿದಿರೋ, ಇನ್ನೂ ಅಷ್ಟೇ ತಗಡು ಸೇರಿಸಿದರೆ ಉಳಿದ ಹತ್ತರಲ್ಲಿ ಒಂಬತ್ತು ಸಿಗುತ್ತದೆ. ಮತ್ತಷ್ಟು ಸೇರಿಸಿದರೆ ಉಳಿದ ಒಂದರಲ್ಲಿ 0.9. ಅಂದರೆ 90ರಿಂದ 99.9ಕ್ಕೆ ಹೋಗಲು ಯಂತ್ರ ಮೂರು ಪಟ್ಟಾಗಬೇಕು. ವಾಸ್ತವದಲ್ಲಿ ಇದಕ್ಕಿಂತ ಕಷ್ಟ. ಮೊದಲ ತಗಡುಗಳು ಸುಲಭಕ್ಕೆ ಸಿಗುವ ಕಣಗಳನ್ನೆಲ್ಲ ಹಿಡಿದಿರುತ್ತವೆ. ಕೊನೆಯವಕ್ಕೆ ಉಳಿಯುವುದು ಸತಾಯಿಸುವ ಜಾತಿ ಮಾತ್ರ.

ಆ ಜಾತಿ ಯಾವುದು ಅಂತ ತಿಳಿಯಲು ಬಟ್ಟೆಯ ಫಿಲ್ಟರ್ ನೋಡಬೇಕು. ಕಾರ್ಖಾನೆಗಳಲ್ಲಿ ಇದನ್ನು ಬ್ಯಾಗ್ ಫಿಲ್ಟರ್ ಅಂತಾರೆ. ಉದ್ದನೆಯ ಬಟ್ಟೆ ಚೀಲಗಳನ್ನು ನೂರಾರು, ಕೆಲವೊಮ್ಮೆ ಸಾವಿರಾರು ಸಂಖ್ಯೆಯಲ್ಲಿ ತೂಗುಹಾಕಿ ಹೊಗೆಯನ್ನು ಅವುಗಳ ಮೂಲಕ ಎಳೆಯುತ್ತಾರೆ. ಧೂಳು ಚೀಲದ ಹೊರಮೈಗೆ ಕಟ್ಟಿಕೊಳ್ಳುತ್ತದೆ. ಒಳಗಿನಿಂದ ಒತ್ತಡದ ಗಾಳಿ ಒಮ್ಮೆ ಬಿಟ್ಟರೆ ಚೀಲ ಉಬ್ಬಿ ಧೂಳು ಉದುರುತ್ತದೆ. ವಿಚಿತ್ರ ಅಂದರೆ ಹೊಚ್ಚಹೊಸ ಚೀಲಕ್ಕಿಂತ ಬಳಸಿದ ಚೀಲವೇ ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ಮೈಗೆ ಕೂತ ಧೂಳಿನ ಪದರವೇ ಮುಂದಿನ ಧೂಳಿಗೆ ಫಿಲ್ಟರ್. ತೀರಾ ಸ್ವಚ್ಛವಾಗಿ ಕೊಡವಿದರೆ ಕೆಲಸ ಕೆಡುತ್ತದೆ. ಇದರ ವೈರಿ ಬಿಸಿ. ಪಾಲಿಯೆಸ್ಟರ್ ಚೀಲ 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಾಳುವುದಿಲ್ಲ. ಗಾಜಿನ ನಾರಿನ ಚೀಲ 260ರವರೆಗೆ ತಡೆಯುತ್ತದೆ. ಡೀಸೆಲ್ ಗಾಡಿಗಳ ಫಿಲ್ಟರಿನಲ್ಲಿ ಬಟ್ಟೆಯ ಬದಲು ಪಿಂಗಾಣಿ ಜಾತಿಯ ಗೋಡೆ ಇರುತ್ತದೆ. ಅಲ್ಲಿ ಕಟ್ಟಿದ ಮಸಿಯನ್ನು ಉದುರಿಸುವುದಿಲ್ಲ, 600 ಡಿಗ್ರಿ ಆಸುಪಾಸಿಗೆ ಬಿಸಿಮಾಡಿ ಸುಟ್ಟುಬಿಡುತ್ತಾರೆ.

ಫಿಲ್ಟರ್ ಅಂದರೆ ಜರಡಿ ಅಂದುಕೊಳ್ಳುವವರೇ ಹೆಚ್ಚು. ರಂಧ್ರಕ್ಕಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ಹೋಗುತ್ತದೆ ಅನ್ನುವ ಲೆಕ್ಕ. ನಾರಿನ ಫಿಲ್ಟರಿನಲ್ಲಿ ಹಾಗಾಗುವುದಿಲ್ಲ. ದೊಡ್ಡ ಕಣ, ಗಾಳಿ ನಾರನ್ನು ಬಳಸಿ ತಿರುಗುವಾಗ ತಾನು ತಿರುಗಲಾರದೆ ನೇರ ಹೋಗಿ ನಾರಿಗೆ ಹೊಡೆಯುತ್ತದೆ. 0.1 ಮೈಕ್ರಾನಿಗಿಂತ ಸಣ್ಣ ಕಣವನ್ನು ಗಾಳಿಯ ಅಣುಗಳೇ ಅತ್ತಿತ್ತ ತಳ್ಳಾಡುತ್ತವೆ. ಅದು ಸೊಟ್ಟಂಬಟ್ಟ ಅಲೆದು ಕೊನೆಗೆ ಎಲ್ಲೋ ನಾರಿಗೆ ಅಂಟಿಕೊಳ್ಳುತ್ತದೆ. ನಡುವೆ 0.3 ಮೈಕ್ರಾನ್ ಸುತ್ತಮುತ್ತಲಿನವು ಇವೆಯಲ್ಲ, ಅವು ನೇರ ಹೊಡೆಯುವಷ್ಟು ಭಾರವೂ ಇಲ್ಲ, ಅಲೆಯುವಷ್ಟು ಹಗುರವೂ ಇಲ್ಲ. ಅವೇ ಹೆಚ್ಚು ತಪ್ಪಿಸಿಕೊಳ್ಳುವುದು. ಅತಿ ಸಣ್ಣ ಧೂಳಿಗೆಂದೇ ಮಾಡಿದ ಹೆಪಾ ಫಿಲ್ಟರಿನ ಮೇಲೆ 0.3 ಮೈಕ್ರಾನಿಗೆ ನೂರಕ್ಕೆ 99.97 ಅಂತ ಬರೆದಿರುವುದು ಇದಕ್ಕೇ. ಅದು ಅತಿ ಕಷ್ಟದ ಅಳತೆಯ ಪರೀಕ್ಷೆ. ಅದಕ್ಕಿಂತ ಸಣ್ಣವು ಇನ್ನೂ ಚೆನ್ನಾಗಿಯೇ ಸಿಗುತ್ತವೆ. ಇಎಸ್‌ಪಿಗೂ 0.1ರಿಂದ 1 ಮೈಕ್ರಾನಿನ ನಡುವೆಯೇ ಬಲಹೀನ ಜಾಗ. ಕಾರಣ ಬೇರೆ, ಗೋಳು ಒಂದೇ.

ನೀರು ಚಿಮ್ಮಿಸಿ ಧೂಳು ತೊಳೆಯುವ ವಿಧಾನವೂ ಇದೆ. ಸಣ್ಣ ಕಣ ಹಿಡಿಯಬೇಕಾದರೆ ಹೊಗೆಯನ್ನು ಇಕ್ಕಟ್ಟಾದ ಕುತ್ತಿಗೆಯಲ್ಲಿ ಸೆಕೆಂಡಿಗೆ ನೂರು ಮೀಟರಿನಷ್ಟು ಜೋರಾಗಿ ದೂಡಬೇಕು. ಅದಕ್ಕೆ ಫ್ಯಾನಿನ ಕರೆಂಟ್ ಖರ್ಚು ಜಾಸ್ತಿ, ಕೊನೆಗೆ ಕೆಸರು ನೀರಿನ ತಲೆನೋವು ಬೇರೆ. ಅಂಟುವ, ಒದ್ದೆಯಾದ ಅಥವಾ ಬೆಂಕಿ ಹೊತ್ತುವ ಧೂಳಿದ್ದಲ್ಲಿ ಮಾತ್ರ ಇದು ಸರಿ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಹಿಡಿದರೂ ಒಂದು ಜಾತಿಯ ಧೂಳು ಈ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಏಕೆಂದರೆ ಚಿಮಣಿ ದಾಟುವಾಗ ಅದು ಧೂಳಾಗಿಯೇ ಇರುವುದಿಲ್ಲ. ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು ಅನಿಲವಾಗಿ ಹೊರಬಿದ್ದು, ಗಾಳಿಯಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಬದಲಾಗುತ್ತಾ, ಅಮೋನಿಯಾ ಜೊತೆ ಸೇರಿ ಸಲ್ಫೇಟ್, ನೈಟ್ರೇಟ್ ಕಣಗಳಾಗುತ್ತವೆ. ಬಹುಪಾಲು 2.5 ಮೈಕ್ರಾನಿಗಿಂತ ಸಣ್ಣವು. ಹಿಂದೆ ಇದಕ್ಕೆ ಚಿಮಣಿ ಎತ್ತರಿಸುವುದೇ ಉತ್ತರವಾಗಿತ್ತು. ಕೆನಡಾದ ಸಡ್‌ಬರಿಯಲ್ಲಿ 1972ರಲ್ಲಿ 381 ಮೀಟರಿನ ಚಿಮಣಿ ಕೆಲಸ ಶುರುಮಾಡಿತು. ಊರಿನ ಗಾಳಿ ಸುಧಾರಿಸಿತು ನಿಜ, ಆದರೆ ಅನಿಲ ಇನ್ನಷ್ಟು ದೂರ ಹರಡಿತು. ನನ್ನ ಪ್ರಕಾರ ಅದು ಹಿಡಿಯುವುದಲ್ಲ, ದಾಟಿಸುವುದು. ಹಿಡಿಯಬೇಕಾದರೆ ಸುಣ್ಣಕಲ್ಲಿನ ಪುಡಿ ಬೆರೆಸಿದ ನೀರನ್ನು ಹೊಗೆಯ ಮೇಲೆ ಸುರಿಸಬೇಕು. ಸಲ್ಫರ್ ಡೈಆಕ್ಸೈಡ್ ಅದರಲ್ಲಿ ಕರಗಿ ಜಿಪ್ಸಂ ಆಗುತ್ತದೆ. ಗೋಡೆಗೆ ಹೊಡೆಯುವ ಬೋರ್ಡುಗಳಿಗೆ ಅದೇ ಜಿಪ್ಸಂ ಹೋಗುತ್ತದೆ. ಇಂಥ ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬರುವುದನ್ನು ಕಂಡು ಜನ ಗಾಬರಿಯಾಗುತ್ತಾರೆ. ಅದು ಹೆಚ್ಚಾಗಿ ನೀರಿನ ಹಬೆ.

ಹೊರಬಿದ್ದ ಮೇಲೆ ಊರಿನ ಗಾಳಿಯನ್ನೇ ಫಿಲ್ಟರ್ ಮಾಡಬಾರದೇಕೆ ಅಂತ ಕೇಳುವವರಿದ್ದಾರೆ. ಅದಕ್ಕೆಂದೇ ಗೋಪುರಗಳನ್ನೂ ಕಟ್ಟಿದ್ದಾರೆ. 30 ಕಿಲೊಮೀಟರ್ ಉದ್ದ, ಅಷ್ಟೇ ಅಗಲದ ನಗರ, ಮೇಲೆ 500 ಮೀಟರ್ ಗಾಳಿ ತೆಗೆದುಕೊಳ್ಳಿ. ಸೆಕೆಂಡಿಗೆ 1000 ಘನ ಮೀಟರ್ ಎಳೆಯುವ ಗೋಪುರಕ್ಕೆ ಅಷ್ಟನ್ನು ಒಂದು ಸಲ ಶೋಧಿಸಲು 14 ವರ್ಷ ಬೇಕು. ಬೀಸುಗಾಳಿ ಅಷ್ಟೇ ಗಾಳಿಯನ್ನು ಕೆಲವೇ ಗಂಟೆಗಳಲ್ಲಿ ಬದಲಿಸಿರುತ್ತದೆ. ಇನ್ನೊಂದು ಕಡೆಯಿಂದ ನೋಡಿ. ಕಲ್ಲಿದ್ದಲ ಹೊಗೆಯ ಒಂದು ಘನ ಮೀಟರಿನಲ್ಲಿ 15 ಗ್ರಾಂ ಬೂದಿ ಇರಬಹುದು. ತುಂಬಾ ಕೆಟ್ಟ ದಿನದ ನಗರದ ಗಾಳಿಯಲ್ಲಿ 300 ಮೈಕ್ರೊಗ್ರಾಂ ಪಿಎಂ 2.5 ಇದ್ದರೆ, ಅದು ಐವತ್ತು ಸಾವಿರ ಪಟ್ಟು ತೆಳು. ಅಷ್ಟು ತೆಳುವಾದ ಮೇಲೆ ಹಿಡಿಯಲು ಹೊರಡುವುದು ದುಬಾರಿ ಪ್ರದರ್ಶನ, ಅಷ್ಟೇ.

ಹಿಡಿದದ್ದರ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ಇಎಸ್‌ಪಿಯ ಹಾಪರನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ದರೆ ಬೂದಿ ಏರಿ ತಂತಿಯ ಚೌಕಟ್ಟನ್ನು ಮುಟ್ಟುತ್ತದೆ. ಶಾರ್ಟ್ ಆಗಿ ಆ ಭಾಗವೇ ನಿಂತುಹೋಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಬೂದಿ ಸಾಗಿಸುವ ಪೈಪ್ ಕಟ್ಟಿಕೊಂಡಿತೆಂದು ಕೆಲಸ ಬಿಡುವುದು ಹೀಗೆ. ಹೊರಬಂದ ಬೂದಿ ಗಾಜಿನಂಥ ಸಣ್ಣ ಗುಂಡುಗಳ ರೂಪದಲ್ಲಿರುತ್ತದೆ, ಸಿಮೆಂಟಿಗೆ ಬೆರೆಸಲು ಚೆನ್ನ. ಮಾರಾಟವಾಗದೆ ಉಳಿದದ್ದನ್ನು ನೀರಿನಲ್ಲಿ ಕಲಸಿ ಬೂದಿ ಕೊಳಕ್ಕೆ ಬಿಡುತ್ತಾರೆ. ಅದು ಒದ್ದೆ ಇರುವವರೆಗೆ ಪರವಾಗಿಲ್ಲ. ಅಂಚು ಒಣಗಿದರೆ ಗಾಳಿ ಮತ್ತೆ ಎತ್ತಿಕೊಂಡು ಹೋಗುತ್ತದೆ. ಚಿಮಣಿಯಲ್ಲಿ ಕೂರಿಸಿದ ಮೀಟರಿಗೆ ಆ ಧೂಳು ಕಾಣುವುದಿಲ್ಲ, ಕಾರ್ಖಾನೆಯ 99.9ರ ಅಂಕಿಯೂ ಕದಲುವುದಿಲ್ಲ.