ಎಂಟು ಗೆಲುವು, ಒಂದು ಸೋಲು, ಗೆಲ್ಲಲು ಲೀಗೇ ಇಲ್ಲ: ವಾಷಿಂಗ್ಟನ್ ಸ್ಟೇಟ್‌ನ 2024ರ ಸೀಸನ್ ಹಿಂದಿನ ಕಥೆ

2024ರ ನವೆಂಬರ್ ಎರಡನೇ ವಾರ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ತಂಡ ಒಂಬತ್ತು ಪಂದ್ಯ ಆಡಿ ಎಂಟನ್ನು ಗೆದ್ದಿತ್ತು. ದೇಶದ ಮೊದಲ 20 ತಂಡಗಳ ಸಾಲಿನಲ್ಲಿತ್ತು. ಅದೇ ವರ್ಷ ಪ್ಲೇಆಫ್, ಅಂದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತ, 4 ತಂಡಗಳಿಂದ 12 ತಂಡಗಳಿಗೆ ಹಿಗ್ಗಿತ್ತು. ಅದರಲ್ಲಿ ಐದು ಜಾಗ ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಚಾಂಪಿಯನ್‌ಗಳಿಗೆ ಮೀಸಲು. ಈ ತಂಡಕ್ಕೆ ಆ ದಾರಿ ಮುಚ್ಚಿತ್ತು. ಏಕೆಂದರೆ ಅದರ ಕಾನ್ಫರೆನ್ಸ್‌ನಲ್ಲಿ ಉಳಿದಿದ್ದದ್ದು ಎರಡೇ ತಂಡ. ಇಬ್ಬರಿಗಾಗಿ ಚಾಂಪಿಯನ್‌ಶಿಪ್ ನಡೆಸುವವರು ಯಾರು?

ಇದು ಹೇಗಾಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೇಳಲು ಶುರುಮಾಡುತ್ತಾರೆ. ಟಿವಿ, ಕೋರ್ಟು, ಆಟಗಾರರ ವಲಸೆ ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿವೆ.

ಮೊದಲು ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಕಾನ್ಫರೆನ್ಸ್ ಅಂದರೆ ವರ್ಷಾವರ್ಷ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು. ಟಿವಿ ಹಕ್ಕನ್ನು ಮಾರುವುದು ಈ ಗುಂಪು. ಬಂದ ಹಣ ಸದಸ್ಯರಿಗೆ ಹಂಚಿಕೆಯಾಗುತ್ತದೆ. ಹಾಗಾಗಿ ಯಾವ ಗುಂಪಿನಲ್ಲಿದ್ದೀರಿ ಅನ್ನುವುದರ ಮೇಲೆ ಕೋಚ್‌ನ ಸಂಬಳದಿಂದ ಹಿಡಿದು ಈಜು ತಂಡದ ಬಸ್ ಖರ್ಚಿನವರೆಗೆ ಎಲ್ಲವೂ ನಿಂತಿರುತ್ತದೆ.

ವಾಷಿಂಗ್ಟನ್ ಸ್ಟೇಟ್ ಇರುವುದು ಪುಲ್‌ಮನ್‌ನಲ್ಲಿ. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 450 ಕಿಲೋಮೀಟರ್. ಸುತ್ತ ಪಲೂಸ್ ಅನ್ನುವ ಗುಡ್ಡಗಾಡು, ಕಣ್ಣು ಹಾಯಿಸಿದಷ್ಟೂ ಗೋಧಿ. ನಡುವೆ ಮಸೂರ ಮತ್ತು ಕಡಲೆ ಬೆಳೆಯುತ್ತಾರೆ. ಪ್ರತಿ ಆಗಸ್ಟ್‌ನಲ್ಲಿ ಊರಿನವರು ಮಸೂರದ ಹೆಸರಲ್ಲೇ ಒಂದು ಹಬ್ಬ ಮಾಡುತ್ತಾರೆ. ಊರಿನ ಜನಸಂಖ್ಯೆ ಸುಮಾರು 33 ಸಾವಿರ, ಸ್ಟೇಡಿಯಂನಲ್ಲಿ ಕೂರಬಹುದಾದವರೂ ಹೆಚ್ಚುಕಡಿಮೆ ಅಷ್ಟೇ. ಪಂದ್ಯದ ದಿನ ಊರಿಗೆ ಇನ್ನೊಂದು ಊರೇ ಬಂದು ಸೇರುತ್ತದೆ. ಇಂಥ ಜಾಗದಲ್ಲಿ ಟಿವಿ ಮಾರುಕಟ್ಟೆ ದೊಡ್ಡದಿರಲು ಸಾಧ್ಯವಿಲ್ಲ, ಅಲ್ವಾ? ತೊಂದರೆಯ ಬೇರು ಇಲ್ಲೇ ಇದೆ.

ಪಶ್ಚಿಮ ಕರಾವಳಿಯ ಕಾನ್ಫರೆನ್ಸ್ ಹುಟ್ಟಿದ್ದು 1915ರಲ್ಲಿ. ವಾಷಿಂಗ್ಟನ್ ಸ್ಟೇಟ್ ಅದರಲ್ಲಿ ಆಡಲು ಶುರುಮಾಡಿದ್ದು 1917ರಲ್ಲಿ. ಆಟಗಾರರಿಗೆ ಕದ್ದುಮುಚ್ಚಿ ಹಣ ಕೊಟ್ಟ ಹಗರಣದಿಂದಾಗಿ 1959ರಲ್ಲಿ ಅದು ಮುರಿದುಬಿತ್ತು. ಕ್ಯಾಲಿಫೋರ್ನಿಯಾದ ನಾಲ್ಕು ಯೂನಿವರ್ಸಿಟಿಗಳು ಮತ್ತು ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸೇರಿ ಹೊಸ ಗುಂಪು ಕಟ್ಟಿಕೊಂಡವು. ಹೊರಗುಳಿದವರಲ್ಲಿ ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್ ಸ್ಟೇಟ್ ಇದ್ದವು. ಮೊದಲನೆಯದಕ್ಕೆ 1962ರಲ್ಲಿ, ಎರಡನೆಯದಕ್ಕೆ 1964ರಲ್ಲಿ ಬಾಗಿಲು ತೆರೆಯಿತು. 2023ರಲ್ಲಿ ಇವೆರಡೂ ಹೊರಗುಳಿದದ್ದು ಹಿಂದೆಂದೂ ಆಗದ ಸಂಗತಿ ಅನ್ನುವವರು ಈ ಮೂರರಿಂದ ಐದು ವರ್ಷಗಳನ್ನು ಮರೆತಿರುತ್ತಾರೆ.

ಆಮೇಲೆ ಗುಂಪು ಎಂಟಾಯಿತು, 1978ರಲ್ಲಿ ಹತ್ತಾಯಿತು, 2011ರಲ್ಲಿ ಹನ್ನೆರಡಾಯಿತು. ಹೆಸರು ಪ್ಯಾಕ್-12. ನಡುವೆ 1984ರಲ್ಲಿ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಟಿವಿ ಪಂದ್ಯಗಳ ಮೇಲೆ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಗಿದ್ದ ಹಿಡಿತವನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಒಂದು ತಂಡ ಎಷ್ಟು ಸಲ ಟಿವಿಯಲ್ಲಿ ಬರಬೇಕು ಅನ್ನುವುದಕ್ಕೂ ಮಿತಿ ಇತ್ತು. ಮಿತಿ ಹೋದ ಮೇಲೆ ಯಾರ ಪಂದ್ಯವನ್ನು ಜಾಸ್ತಿ ಜನ ನೋಡುತ್ತಾರೋ ಅವರ ಬೆಲೆ ಏರುತ್ತಾ ಹೋಯಿತು. ಕಾನೂನಿನ ಪ್ರಕಾರ ಆ ತೀರ್ಪು ಸರಿಯೇ ಇರಬಹುದು. ಪುಲ್‌ಮನ್‌ನಂಥ ಊರುಗಳ ಮಟ್ಟಿಗೆ ಅದು ನಿಧಾನವಾಗಿ ಏರಿದ ವಿಷ.

2012ರಲ್ಲಿ ಪ್ಯಾಕ್-12 ತನ್ನದೇ ಟಿವಿ ಚಾನೆಲ್ ತೆರೆಯಿತು. ಬೇರೆ ಪಾಲುದಾರರಿಲ್ಲ, ಪೂರ್ತಿ ಸ್ವಂತದ್ದು. ಧೈರ್ಯದ ಹೆಜ್ಜೆಯೇ. ಆದರೆ ದೊಡ್ಡ ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿ ಅದನ್ನು ತೋರಿಸಲೇ ಇಲ್ಲ. ಎಣಿಸಿದ ಹಣ ಬರಲಿಲ್ಲ. ಅಷ್ಟರಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಬಿಗ್ ಟೆನ್ ಮತ್ತು ದಕ್ಷಿಣದ ಎಸ್‌ಇಸಿ ಅನ್ನುವ ಕಾನ್ಫರೆನ್ಸ್‌ಗಳು ಬಹಳ ಮುಂದೆ ಹೋಗಿದ್ದವು.

2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೊರಟವು. ಆ ಮಹಾನಗರದ ಮಾರುಕಟ್ಟೆ ಕೈಬಿಟ್ಟ ಮೇಲೆ ಉಳಿದ ಹತ್ತು ಕಾಲೇಜುಗಳಿಗೆ ಒಳ್ಳೆಯ ಟಿವಿ ಒಪ್ಪಂದ ಕುದುರಲಿಲ್ಲ. ಮಾತುಕತೆ ಒಂದು ವರ್ಷ ದಾಟಿತು. 2023ರ ಜುಲೈ ಕೊನೆಗೆ ಕೊಲೊರಾಡೊ ಹೊರಟಿತು. ಆಪಲ್ ಕಂಪನಿಯ ಸ್ಟ್ರೀಮಿಂಗ್ ಪ್ರಸ್ತಾಪವೊಂದು ಮೇಜಿನ ಮೇಲಿತ್ತು. ಎಷ್ಟು ಜನ ಚಂದಾದಾರರಾಗುತ್ತಾರೋ ಅದರ ಮೇಲೆ ಆದಾಯ. ಆಗಸ್ಟ್ 4ರ ಬೆಳಗ್ಗೆ ಎಲ್ಲರೂ ಅದಕ್ಕೆ ಸಹಿ ಹಾಕುತ್ತಾರೆ ಅನ್ನುವ ನಿರೀಕ್ಷೆ ಇತ್ತು. ಆ ದಿನ ಮುಗಿಯುವಷ್ಟರಲ್ಲಿ ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್ ಮತ್ತು ಯೂಟಾ ಬಿಗ್ 12 ಅನ್ನುವ ಮತ್ತೊಂದು ಕಾನ್ಫರೆನ್ಸ್‌ಗೆ ಹೋಗುವುದು ಖಚಿತವಾಗಿತ್ತು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫೋರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್ ಸೇರಿದವು. ಪೆಸಿಫಿಕ್ ದಡದ ಕಾಲೇಜುಗಳಿಗೆ ಅಟ್ಲಾಂಟಿಕ್ ದಡದ ಎದುರಾಳಿಗಳು! ಇದರ ಭಾರ ಬಿದ್ದದ್ದು ವಾರದ ನಡುವೆ ಖಂಡ ದಾಟಿ ಹೋಗಿ ಆಡಿ, ವಾಪಸ್ ಬಂದು ಪರೀಕ್ಷೆ ಬರೆಯುವ ವಾಲಿಬಾಲ್, ಸಾಕರ್ ಆಟಗಾರರ ಮೇಲೆ.

ಹೊರಟವರನ್ನು ಸುಮ್ನೆ ಬೈಯುವುದು ಸುಲಭ. ಪ್ರತಿ ಯೂನಿವರ್ಸಿಟಿಗೂ ತನ್ನ ಸಾಲ, ತನ್ನ ಭಯ ಇತ್ತು. ತಾನು ಹೋಗದಿದ್ದರೆ ಪಕ್ಕದವರು ಹೋಗುತ್ತಾರೆ ಅನ್ನುವ ಅಂಜಿಕೆಯೂ ಇತ್ತು. ಆದರೆ ನೂರು ವರ್ಷ ಜೊತೆಯಲ್ಲಿ ಆಡಿದವರ ಭವಿಷ್ಯ ಒಂದೇ ದಿನದಲ್ಲಿ ಹೀಗೆ ತೀರ್ಮಾನವಾಗಬಾರದಿತ್ತು.

ಉಳಿದ ಇಬ್ಬರು, ಅಂದರೆ ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್ ಸ್ಟೇಟ್, ಕೋರ್ಟಿಗೆ ಹೋದರು. ವಿಷಯ ಕೂಡುಕುಟುಂಬದ ಪಾಲಿನ ವ್ಯಾಜ್ಯದಂಥದ್ದೇ: ಮನೆ ಬಿಟ್ಟು ಹೊರಡುತ್ತೇವೆ ಅಂದವರು ತಿಜೋರಿಯ ಕೀಲಿ ಇಟ್ಟುಕೊಳ್ಳಬಹುದೇ? ಪುಲ್‌ಮನ್ ಪಕ್ಕದ ಸಣ್ಣ ಊರು ಕೋಲ್‌ಫ್ಯಾಕ್ಸ್‌ನ ಕೋರ್ಟ್ ನವೆಂಬರ್‌ನಲ್ಲಿ ಇಲ್ಲ ಅಂದಿತು. ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹಾಗೇ ಉಳಿಸಿತು. ಆಮೇಲೆ ರಾಜಿಯಾಯಿತು. ಕಾನ್ಫರೆನ್ಸ್‌ನ ಹೆಸರು, ಆಸ್ತಿ, ಸಾಲ ಎಲ್ಲ ಇವರಿಬ್ಬರ ಪಾಲಿಗೆ ಬಂತು. ಎನ್‌ಸಿಎಎ ನಿಯಮದಂತೆ ಎಂಟು ಸದಸ್ಯರಾದರೂ ಬೇಕು. ಅದನ್ನು ತುಂಬಿಸಲು ಎರಡು ವರ್ಷದ ಗಡುವು ಸಿಕ್ಕಿತು. 2024ಕ್ಕೆ ಮೌಂಟನ್ ವೆಸ್ಟ್ ಅನ್ನುವ ಸಣ್ಣ ಕಾನ್ಫರೆನ್ಸ್‌ಗೆ ಒಟ್ಟು 1.4 ಕೋಟಿ ಡಾಲರ್ ಕೊಟ್ಟು ತಲಾ ಆರು ಪಂದ್ಯ ಗೊತ್ತುಮಾಡಿಕೊಂಡರು.

ಇಷ್ಟೆಲ್ಲದರ ನಡುವೆ ಹುಡುಗರು ಆಡಿದರು, ಚೆನ್ನಾಗಿಯೇ ಆಡಿದರು. ಟೆಕ್ಸಸ್ ಟೆಕ್ ತಂಡವನ್ನು 37-16ರಿಂದ ಸೋಲಿಸಿದರು. ಸೆಪ್ಟೆಂಬರ್ 14ರಂದು ಸಿಯಾಟಲ್‌ನಲ್ಲಿ ಆಪಲ್ ಕಪ್, ರಾಜ್ಯದ ಎರಡು ಯೂನಿವರ್ಸಿಟಿಗಳ ನಡುವಿನ ಹಳೆಯ ಪೈಪೋಟಿಯ ಪಂದ್ಯ. ಗುಂಪು ಬಿಟ್ಟುಹೋದ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಎದುರಾಳಿ. ಕೊನೆಯ ಎರಡು ನಿಮಿಷದೊಳಗೆ ಸ್ಕೋರ್ 24-19, ಪುಲ್‌ಮನ್ ಮುಂದೆ, ಚೆಂಡು ವಾಷಿಂಗ್ಟನ್ ಕೈಲಿ. ದಾಟಿದರೆ ಪಾಯಿಂಟ್ ಸಿಗುವ ಗೆರೆಗೆ ಒಂದೇ ಗಜ ಬಾಕಿ, ನಾಲ್ಕನೇ ಮತ್ತು ಕೊನೆಯ ಪ್ರಯತ್ನ. ನೇರವಾಗಿ ನುಗ್ಗುವ ಬದಲು ಅವರು ಚೆಂಡನ್ನು ಬದಿಗೆ ಎಸೆದರು. ಪುಲ್‌ಮನ್ ಹುಡುಗರು ಗೆರೆಗೆ ಮುಂಚೆಯೇ ಓಟಗಾರನನ್ನು ಹಿಡಿದು ಕೆಡವಿದರು. ಆ ಒಂದು ಗಜಕ್ಕಾಗಿ ರಾಜ್ಯದ ಪೂರ್ವಭಾಗವಿಡೀ ಕುಣಿಯಿತು.

ಮುಂದಿನ ವಾರ ಸ್ಯಾನ್ ಹೊಸೆ ಸ್ಟೇಟ್ ಮೇಲೆ ಎರಡು ಹೆಚ್ಚುವರಿ ಅವಧಿ ಆಡಿ 54-52ರ ಗೆಲುವು. ಬಾಯ್ಸಿ ಸ್ಟೇಟ್ ಎದುರು 45-24ರ ಸೋಲು. ಅದಾದ ಮೇಲೆ ಸತತ ನಾಲ್ಕು ಗೆಲುವು. ಹೀಗೆ 8-1.

ಅಲ್ಲಿಂದ ಕುಸಿತ. ನ್ಯೂ ಮೆಕ್ಸಿಕೊ ಎದುರು 38-35. ಜೊತೆಯಲ್ಲೇ ಹೊರಗುಳಿದ ಒರೆಗಾನ್ ಸ್ಟೇಟ್ ಎದುರು 41-38, ಕೊನೆಗಳಿಗೆಯಲ್ಲಿ 55 ಗಜದಿಂದ ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲ್‌ನಿಂದ. ಸ್ವಂತ ಅಂಗಳದಲ್ಲಿ ವಯೋಮಿಂಗ್ ಎದುರು 15-14. ಮೂರು ಸೋಲಿನ ಅಂತರ ಸೇರಿಸಿದರೆ ಏಳು ಪಾಯಿಂಟ್.

ಸೀಸನ್ ಮುಗಿಯುತ್ತಿದ್ದಂತೆ ಮನೆ ಖಾಲಿಯಾಯಿತು. 2021ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದು. ತಂಡ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕು ಅನ್ನುವ ಹಳೆಯ ನಿಯಮವೂ ಸಡಿಲವಾಗಿದೆ. ಆಟಗಾರರಿಗೆ ಇದು ಎಂದೋ ಸಿಗಬೇಕಿದ್ದ ಹಕ್ಕು. ಸ್ಟೇಡಿಯಂ ತುಂಬಿಸುವವರು ಅವರೇ. ಆದರೆ ಟಿವಿ ಹಣ ಕಡಿಮೆ ಇರುವ ತಂಡ ಬೆಳೆಸಿದ ಹುಡುಗನನ್ನು ಉಳಿಸಿಕೊಳ್ಳುವುದು ಕಷ್ಟ. ಎರಡು ಸೀಸನ್ ಪುಲ್‌ಮನ್‌ನಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ, 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಯ್ಕೆಯ ಮೊದಲ ಆಟಗಾರನಾದ. ಅವನ ಜಾಗಕ್ಕೆ ಬಂದ ಜಾನ್ ಮಟೀರ್ 2024ರಲ್ಲಿ ಎಸೆದೂ ಓಡಿಯೂ ಒಟ್ಟು 44 ಟಚ್‌ಡೌನ್‌ಗಳಿಗೆ (ಚೆಂಡನ್ನು ಕೊನೆಯ ಗೆರೆ ದಾಟಿಸುವುದು) ಕಾರಣನಾದ. ಅವನು ಓಕ್ಲಹೋಮಾಗೆ ಹೊರಟ. ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್‌ಗೆ ಹೋದರು. ಉಳಿದವರನ್ನು ಕಟ್ಟಿಕೊಂಡು ಸ್ಯಾನ್ ಡಿಯಾಗೊದಲ್ಲಿ ಹಾಲಿಡೇ ಬೌಲ್ ಅನ್ನುವ ಸೀಸನ್ ನಂತರದ ಪಂದ್ಯ ಆಡಿದ ತಂಡ ಸಿರಾಕ್ಯೂಸ್‌ಗೆ 52-35ರಿಂದ ಸೋತಿತು. ಲೆಕ್ಕದಲ್ಲಿ 8-5.

2025ರಲ್ಲಿ ಎದುರಾಳಿಗಳು ಸಾಲದೆ ಈ ಇಬ್ಬರೂ ಒಂದೇ ಸೀಸನ್‌ನಲ್ಲಿ ಎರಡು ಸಲ ಪರಸ್ಪರ ಆಡಿದರು. ಡಿಕರ್ಟ್ ನಂತರ ಬಂದ ಕೋಚ್ ಕೂಡ ಒಂದೇ ಸೀಸನ್ ಮುಗಿಸಿ ಅಯೊವಾ ಸ್ಟೇಟ್‌ಗೆ ಹೋದರು. ಅತ್ತ ಬಾಯ್ಸಿ ಸ್ಟೇಟ್, ಕೊಲೊರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಲು ಒಪ್ಪಿದ್ದರಿಂದ ಎಂಟರ ಲೆಕ್ಕ ತುಂಬಿತು. ಸೇರಿದವರಲ್ಲಿ ಐವರು ಮೌಂಟನ್ ವೆಸ್ಟ್ ಬಿಟ್ಟು ಬಂದವರು, ಅದರ ಪರಿಹಾರದ ಹಣಕ್ಕೆ ಮತ್ತೊಂದು ಕೋರ್ಟ್ ಜಗಳ ಎದ್ದಿತು. ಬಿಟ್ಟುಹೋದವರಿಂದ ನೊಂದವರೇ ಇನ್ನೊಂದು ಗುಂಪಿನಿಂದ ಕಾಲೇಜುಗಳನ್ನು ಕರೆತರಬೇಕಾಯಿತು. ಉಳಿಯಲು ಬೇರೆ ದಾರಿ ಇರಲಿಲ್ಲ. ಹೊಸ ಪ್ಯಾಕ್-12 ಜಾರಿಯಾಗುವುದು 2026ರ ಜುಲೈ 1ರಿಂದ. ಎರಡು ಸೀಸನ್ ಕಳೆದ ಮೇಲೆ ಪುಲ್‌ಮನ್‌ಗೆ ಗೆಲ್ಲಲು ಒಂದು ಚಾಂಪಿಯನ್‌ಶಿಪ್ ಇರುತ್ತದೆ.